ಬೆಂಜಮಿನ್ ಫ್ರಾಂಕ್ಲಿನ್ ಪ್ರಬಂಧ ಬರೆಯಲು ಕಲಿತ ಬಗೆ

ಬೆಂಜಮಿನ್ ಫ್ರಾಂಕ್ಲಿನ್ ಎಂದರೆ ನಮಗೆಲ್ಲ ನೆನಪಾಗುವುದು ವಿಜ್ಞಾನದ ಪಾಠದಲ್ಲಿ ಬರುವ ಗಾಳಿಪಟ ಮತ್ತು ಮಿಂಚು. ಎತ್ತರದ ಕಟ್ಟಡಗಳ ನೆತ್ತಿಯ ಮೇಲೆ ಕಾಣುವ ಮಿಂಚುವಾಹಕ ಅವರ ಕೊಡುಗೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಅದನ್ನೆಲ್ಲ ಬದಿಗಿಟ್ಟು, ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಅವರ ಜೀವನದ ಬೇರೊಂದು ಭಾಗವನ್ನು ಆರಿಸಿಕೊಂಡಿದ್ದೇನೆ. ಶಾಲೆಗೆ ಹೋದದ್ದು ಎರಡೇ ವರ್ಷವಾದರೂ, ಒಂದೆರಡು ಪುಟದ ಪ್ರಬಂಧವನ್ನು ಕ್ರಮವಾಗಿ ಬರೆಯುವುದನ್ನು ಆ ಹುಡುಗ ಕಲಿತದ್ದು ಹೇಗೆ ಎಂಬುದು ನನ್ನ ವಿಷಯ.

ಈ ವಿಷಯವೇ ಏಕೆ ಎಂದು ಕೇಳಬಹುದು. ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಮ್ಮ ಕೆಲಸದಲ್ಲಿ ಬಹಳ ಹೊತ್ತು ಬರವಣಿಗೆಗೇ ಹೋಗುತ್ತದೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಏನು ಕೆಟ್ಟಿದೆ, ಏಕೆ ಕೆಟ್ಟಿದೆ, ಏನು ಮಾಡಬೇಕು ಎಂಬುದನ್ನು ಒಂದು ಪುಟದಲ್ಲಿ ಕ್ರಮವಾಗಿ ಹೇಳಬಲ್ಲವರ ಮಾತು ಅಲ್ಲಿ ನಡೆಯುತ್ತದೆ. ಸರ್ಕಾರಿ ಶಾಲೆಯಿಂದ ಬಂದ ಹುಡುಗರು ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲದಿದ್ದರೂ ಇಲ್ಲಿ ಹಿಂದೆ ಬೀಳುವುದನ್ನು ಕಂಡಿದ್ದೇನೆ. ಒಳ್ಳೆಯ ಬರವಣಿಗೆ ಹುಟ್ಟಿನಿಂದ ಬರಬೇಕು, ಇಲ್ಲವೇ ದೊಡ್ಡ ಶಾಲೆಯಲ್ಲಿ ಓದಿದವರಿಗೆ ಮಾತ್ರ ಸಾಧ್ಯ ಎಂಬ ನಂಬಿಕೆ ಅವರನ್ನು ಕಟ್ಟಿಹಾಕಿರುತ್ತದೆ. ಫ್ರಾಂಕ್ಲಿನ್ ಅವರ ಬಾಲ್ಯ ಗೊತ್ತಿದ್ದರೆ ಆ ನಂಬಿಕೆ ನಿಲ್ಲುವುದಿಲ್ಲ.

ಅವರು ಹುಟ್ಟಿದ್ದು 1706ರ ಜನವರಿ 17ರಂದು, ಬಾಸ್ಟನ್ ನಗರದಲ್ಲಿ. ತಂದೆ ಜೋಸಾಯ ಅವರದು ಕೊಬ್ಬು ಕರಗಿಸಿ ಮೇಣದಬತ್ತಿ, ಸಾಬೂನು ಮಾಡುವ ಕಸುಬು. ಇಬ್ಬರು ಹೆಂಡಿರಲ್ಲಿ ಒಟ್ಟು ಹದಿನೇಳು ಮಕ್ಕಳು. ಗಂಡು ಮಕ್ಕಳಲ್ಲಿ ಬೆಂಜಮಿನ್ ಕೊನೆಯವನು. ಇವನೊಬ್ಬನನ್ನಾದರೂ ಪಾದ್ರಿ ಮಾಡೋಣವೆಂದು ಎಂಟನೆಯ ವಯಸ್ಸಿಗೆ ಶಾಲೆಗೆ ಸೇರಿಸಿದ ತಂದೆ, ಖರ್ಚಿಗೆ ಅಂಜಿ ವರ್ಷ ತುಂಬುವ ಮೊದಲೇ ಬಿಡಿಸಿದರು. ಆಮೇಲೆ ಬರಹ ಮತ್ತು ಲೆಕ್ಕ ಕಲಿಸುವ ಇನ್ನೊಂದು ಶಾಲೆ. ಅಲ್ಲಿ ಹುಡುಗ ಲೆಕ್ಕದಲ್ಲಿ ನಪಾಸಾದ. ಹತ್ತನೆಯ ವಯಸ್ಸಿಗೆ ಓದು ಮುಗಿದು ತಂದೆಯ ಅಂಗಡಿಯಲ್ಲಿ ಬತ್ತಿ ಕತ್ತರಿಸಲು ನಿಂತ. ಹನ್ನೆರಡಕ್ಕೆ ಅಣ್ಣ ಜೇಮ್ಸ್‌ನ ಮುದ್ರಣಾಲಯದಲ್ಲಿ, ಇಪ್ಪತ್ತೊಂದು ತುಂಬುವವರೆಗೆ ದುಡಿಯಬೇಕೆಂಬ ಕರಾರಿನ ಮೇಲೆ, ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ.

ಅದೇ ಕಾಲದಲ್ಲಿ ಕಾಲಿನ್ಸ್ ಎಂಬ ಗೆಳೆಯನೊಡನೆ ಒಂದು ವಾದ ಹುಟ್ಟಿತು. ಹೆಣ್ಣುಮಕ್ಕಳಿಗೆ ವಿದ್ಯೆ ಬೇಕೇ, ಬೇಡವೇ ಎಂಬುದು. ಬೇಕು ಎನ್ನುವುದು ಬೆಂಜಮಿನ್‌ನ ಪಕ್ಷ. ವಾದ ಕಾಗದದ ಮೇಲೆ ಮುಂದುವರಿಯಿತು. ಆ ಕಾಗದಗಳು ಒಮ್ಮೆ ತಂದೆಯ ಕೈಗೆ ಸಿಕ್ಕವು. ಜೋಸಾಯ ಯಾರು ಗೆದ್ದರು ಎಂಬ ಮಾತಿಗೇ ಹೋಗಲಿಲ್ಲ. ಕಾಗುಣಿತ, ವಿರಾಮಚಿಹ್ನೆಗಳಲ್ಲಿ ಮಗನದು ಮೇಲುಗೈ, ಆದರೆ ಹೇಳುವ ಸೊಗಸು, ವಿಷಯದ ಜೋಡಣೆ, ಸ್ಪಷ್ಟತೆ ಈ ಮೂರರಲ್ಲೂ ಗೆಳೆಯನೇ ಮುಂದೆ ಎಂದು ಸಾಲುಸಾಲಾಗಿ ತೋರಿಸಿಕೊಟ್ಟರು. ಮೇಣದಬತ್ತಿ ಮಾರುವ ಆ ಮನುಷ್ಯ ಕೊಟ್ಟ ತೀರ್ಪು ಎಷ್ಟೋ ಪಂಡಿತರ ವಿಮರ್ಶೆಗಿಂತ ಮೇಲು ಎಂದು ನನಗನ್ನಿಸುತ್ತದೆ. ಬರಹದಲ್ಲಿ ಏನೋ ಸಾಲದು ಎಂದು ಹೇಳಿ ಬಿಡಲಿಲ್ಲ. ಸಾಲದ್ದು ಯಾವುದು ಎಂದು ಬೆರಳಿಟ್ಟು ತೋರಿಸಿದರು.

ಆಗ ಹುಡುಗನಿಗೆ ಸ್ಪೆಕ್ಟೇಟರ್ ಎಂಬ ಲಂಡನ್ ಪತ್ರಿಕೆಯ ಒಂದು ಬಿಡಿ ಸಂಪುಟ ಸಿಕ್ಕಿತು. ಅಡಿಸನ್ ಮತ್ತು ಸ್ಟೀಲ್ 1711ರಲ್ಲಿ ಆರಂಭಿಸಿದ ಆ ಪತ್ರಿಕೆಯಲ್ಲಿ ಸಂಚಿಕೆಗೊಂದು ಚಿಕ್ಕ ಪ್ರಬಂಧ ಬರುತ್ತಿತ್ತು. ಬೆಂಜಮಿನ್ ಒಂದು ಪ್ರಬಂಧ ಓದಿ, ಪ್ರತಿ ವಾಕ್ಯದ ಭಾವವನ್ನು ಎರಡು ಮೂರು ಪದಗಳಲ್ಲಿ ಗುರುತು ಮಾಡಿಕೊಳ್ಳುತ್ತಿದ್ದ. ಕೆಲವು ದಿನ ಬಿಟ್ಟು, ಪುಸ್ತಕ ನೋಡದೆ, ಆ ಗುರುತುಗಳಿಂದಲೇ ಪ್ರಬಂಧವನ್ನು ತನ್ನ ಮಾತಿನಲ್ಲಿ ಬರೆಯುತ್ತಿದ್ದ. ಆಮೇಲೆ ಮೂಲದ ಪಕ್ಕ ಇಟ್ಟು ತಪ್ಪು ತಿದ್ದಿಕೊಳ್ಳುತ್ತಿದ್ದ. ಪದಗಳ ಬಡತನ ಕಂಡಾಗ ಗದ್ಯವನ್ನು ಪದ್ಯ ಮಾಡಿ, ಮರೆತ ಮೇಲೆ ಮತ್ತೆ ಗದ್ಯಕ್ಕೆ ಇಳಿಸುತ್ತಿದ್ದ. ಇದಕ್ಕೆಲ್ಲ ಹೊತ್ತು ಸಿಗುತ್ತಿದ್ದದ್ದು ರಾತ್ರಿ ಕೆಲಸ ಮುಗಿದ ಮೇಲೆ, ಬೆಳಿಗ್ಗೆ ಕೆಲಸಕ್ಕೆ ಮೊದಲು, ಮತ್ತು ಚರ್ಚು ತಪ್ಪಿಸಿದ ಭಾನುವಾರಗಳಲ್ಲಿ.

ಆತನ ಇನ್ನೊಂದು ಅಭ್ಯಾಸ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಕೆಲವೊಮ್ಮೆ ಆ ಗುರುತುಗಳನ್ನೆಲ್ಲ ಬೇಕೆಂದೇ ಕಲಸಿಬಿಡುತ್ತಿದ್ದ. ಕೆಲವು ವಾರ ಕಳೆದ ಮೇಲೆ ಅವನ್ನು ಸರಿಯಾದ ಕ್ರಮಕ್ಕೆ ತಂದು, ನಂತರವೇ ವಾಕ್ಯ ಬರೆಯುತ್ತಿದ್ದ. ಅಂದರೆ ತಂದೆ ತೋರಿಸಿದ ಜೋಡಣೆಯ ಕೊರತೆಗೆ ಅವನೇ ಕಂಡುಕೊಂಡ ಮದ್ದು ಇದು.

ಇದರಲ್ಲಿ ಏನಿದೆ ಎಂಬುದಕ್ಕೆ ನಮ್ಮ ಕಡೆಯದೇ ಒಂದು ವಿಷಯ ತೆಗೆದುಕೊಳ್ಳೋಣ. ಕೆರೆಯ ಹೂಳಿನ ಬಗ್ಗೆ ಪ್ರಬಂಧ ಬರೆಯಬೇಕು. ಐದು ಚೀಟಿಗಳಿವೆ: ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತುತ್ತದೆ; ಕೆರೆಯಲ್ಲಿ ಹೂಳು ತುಂಬಿದೆ; ಹಿಂದೆ ರೈತರು ಹೂಳನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು; ಹೂಳಿದ್ದಷ್ಟೂ ನೀರು ನಿಲ್ಲುವುದು ಕಡಿಮೆ, ಇಂಗುವುದೂ ಕಡಿಮೆ; ಅಂಗಡಿ ಗೊಬ್ಬರ ಬಂದ ಮೇಲೆ ಗಾಡಿ ಹೋಗುವುದು ನಿಂತಿತು. ಗಾಡಿಯ ಕಥೆಯನ್ನು ಮೊದಲಿಟ್ಟರೆ ಅದನ್ನು ಏಕೆ ಹೇಳುತ್ತಿದ್ದಾರೆಂದು ಓದುವವನಿಗೆ ತಿಳಿಯುವುದಿಲ್ಲ. ಬತ್ತಿದ ಬೋರ್‌ವೆಲ್ ಮೊದಲು ಬಂದರೆ, ಏಕೆ ಬತ್ತಿತು ಎಂದು ಅವನೇ ಕೇಳುತ್ತಾನೆ. ನೀರು ಇಂಗದ ಚೀಟಿ ಅದಕ್ಕೆ ಉತ್ತರ. ಕೆರೆ ಏಕೆ ತುಂಬಿಕೊಂಡಿತು ಎಂದು ಮತ್ತೆ ಕೇಳುತ್ತಾನೆ. ಆಗ ಗಾಡಿಯೂ ಗೊಬ್ಬರವೂ ತಾವಾಗಿ ಬಂದು ಕೂಡುತ್ತವೆ. ಹೂಳು ತೆಗೆದರೆ ಯಾರ ಹೊಲಕ್ಕೆ ಹಾಕುವುದು ಎಂಬಲ್ಲಿಗೆ ಪ್ರಬಂಧ ಮುಟ್ಟುತ್ತದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ತಲೆಬರಹ ಹಾಕಿ ಗೈಡಿನ ಸಾಲುಗಳನ್ನು ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ, ನಿಜ. ಆದರೆ ಯಾವ ಮಾತಿನ ಹಿಂದೆ ಯಾವ ಮಾತು ಬರಬೇಕು ಎಂಬ ಯೋಚನೆಯೇ ಅಲ್ಲಿ ಬೇಕಾಗುವುದಿಲ್ಲ.

ಮತ್ತೆ ಫ್ರಾಂಕ್ಲಿನ್ ಕಥೆಗೆ ಬರುತ್ತೇನೆ. ಹದಿನಾರನೆಯ ವಯಸ್ಸಿಗೆ ಮಾಂಸ ಬಿಟ್ಟು, ಊಟದ ಖರ್ಚಿನಲ್ಲಿ ಉಳಿದ ಹಣವನ್ನು ಪುಸ್ತಕಕ್ಕೆ ಹಾಕಿದ. 1722ರಲ್ಲಿ, ಅಣ್ಣ ನಡೆಸುತ್ತಿದ್ದ ಪತ್ರಿಕೆಗೆ ಸೈಲೆನ್ಸ್ ಡೂಗುಡ್ ಎಂಬ ವಿಧವೆಯ ಹೆಸರಿನಲ್ಲಿ ಬರೆದು, ರಾತ್ರಿ ಮುದ್ರಣಾಲಯದ ಬಾಗಿಲ ಸಂದಿಯಲ್ಲಿ ತಳ್ಳಿದ. ತಮ್ಮನೆಂದು ಗೊತ್ತಾದರೆ ಅಣ್ಣ ಅಚ್ಚು ಹಾಕುವುದಿಲ್ಲ ಎಂಬ ಅನುಮಾನ. ಜೇಮ್ಸ್‌ನ ಗೆಳೆಯರು ಓದಿ, ಊರಿನ ವಿದ್ಯಾವಂತರಲ್ಲಿ ಯಾರು ಬರೆದಿರಬಹುದೆಂದು ಊಹಿಸುವಾಗ ಹುಡುಗ ಅಲ್ಲೇ ಕೇಳಿಸಿಕೊಳ್ಳುತ್ತಿದ್ದ. ಹೀಗೆ ಹದಿನಾಲ್ಕು ಪತ್ರಗಳು ಅಚ್ಚಾದವು. ಮರುವರ್ಷ ಅಣ್ಣನ ಏಟು ತಾಳದೆ ಫಿಲಡೆಲ್ಫಿಯಾಕ್ಕೆ ಓಡಿಹೋದ.

ಅಲ್ಲಿ ಬೆಳೆದು ಮುದ್ರಕರಾದರು, ಪತ್ರಿಕೆ ಕೊಂಡರು, ಪಂಚಾಂಗ ಅಚ್ಚು ಹಾಕಿ ಹಣ ಮಾಡಿದರು. 1727ರಲ್ಲಿ ಕಟ್ಟಿದ ಜಂಟೊ ಎಂಬ ಗೆಳೆಯರ ಕೂಟ ಶುಕ್ರವಾರ ಸಂಜೆ ಸೇರುತ್ತಿತ್ತು. ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬರೂ ಸ್ವಂತ ಪ್ರಬಂಧ ಬರೆದು ಓದಬೇಕು. ನಾನು ಹೇಳಿದ್ದೇ ಸರಿ ಎಂಬ ಧಾಟಿಯಲ್ಲಿ ಮಾತಾಡಿದವರಿಗೆ ಸಣ್ಣ ದಂಡ! 1749ರಲ್ಲಿ ಒಂದು ವಿದ್ಯಾಸಂಸ್ಥೆಗೆ ಯೋಜನೆ ಬರೆದಾಗ, ಮಕ್ಕಳು ಒಬ್ಬರಿಗೊಬ್ಬರು ಕಾಗದ ಬರೆಯಬೇಕು, ಓದಿದ್ದನ್ನು ಸಂಕ್ಷೇಪಿಸಬೇಕು, ಸ್ವಂತ ಮಾತಿನಲ್ಲಿ ಬರೆಯಬೇಕು, ಗುರುಗಳು ತಿದ್ದಬೇಕು ಎಂದು ಸೇರಿಸಿದರು. ನಮ್ಮ ಶಾಲೆಯ ಈಗಿನ ಗುರುಗಳು ಈ ಮಾತನ್ನು ಗಮನಿಸಬೇಕೆಂದು ಹಳೆಯ ವಿದ್ಯಾರ್ಥಿಯಾಗಿ ವಿನಂತಿಸುತ್ತೇನೆ.

ಬರೆದದ್ದನ್ನು ಕತ್ತರಿಸುವ ವಿಷಯದಲ್ಲಿ ಅವರು ಹೇಳಿದ ಒಂದು ಕಥೆಯನ್ನು ಜೆಫರ್ಸನ್ ಬರೆದಿಟ್ಟಿದ್ದಾರೆ. 1776ರಲ್ಲಿ ಜೆಫರ್ಸನ್ ಬರೆದ ಸ್ವಾತಂತ್ರ್ಯ ಘೋಷಣೆಯ ಕರಡನ್ನು ಸಭೆಯವರು ತಿದ್ದುತ್ತಾ ಹೋದಾಗ ಅವರು ಸಂಕಟಪಡುತ್ತಿದ್ದರಂತೆ. ಪಕ್ಕದಲ್ಲಿದ್ದ ಫ್ರಾಂಕ್ಲಿನ್ ಒಬ್ಬ ಟೋಪಿ ವ್ಯಾಪಾರಿಯ ಕಥೆ ಹೇಳಿದರು. ಹೆಸರು, ಟೋಪಿ ತಯಾರಕ, ಮಾಡಿ ಮಾರುತ್ತೇನೆ, ನಗದು ಮಾತ್ರ ಎಂದೆಲ್ಲ ಬೋರ್ಡಿಗೆ ಬರೆದುಕೊಂಡು ಗೆಳೆಯರಿಗೆ ತೋರಿಸಿದನಂತೆ. ಇದು ಬೇಡ, ಅದು ಬೇಡ ಎಂದು ಒಬ್ಬೊಬ್ಬರು ಒಂದೊಂದು ಮಾತು ತೆಗೆಸಿ, ಕೊನೆಗೆ ಉಳಿದದ್ದು ಅವನ ಹೆಸರು ಮತ್ತು ಒಂದು ಟೋಪಿಯ ಚಿತ್ರ.

ಅವರ ಜೀವನದಲ್ಲಿ ಕಪ್ಪು ಪುಟವೂ ಇದೆ. ಅವರು ಗುಲಾಮರನ್ನು ಇಟ್ಟುಕೊಂಡಿದ್ದರು, ಅವರ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತು ಬರುತ್ತಿತ್ತು. ಮುಪ್ಪಿನಲ್ಲಿ ಮನಸ್ಸು ಬದಲಾಗಿ, 1787ರಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷರಾದರು. 1790ರ ಫೆಬ್ರವರಿಯಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಮನವಿ ಕಳಿಸಿದರು. ಜಾರ್ಜಿಯಾದ ಜಾಕ್ಸನ್ ಎಂಬ ಸದಸ್ಯ ಅದನ್ನು ವಿರೋಧಿಸಿ ಮಾತಾಡಿದ. 84 ವರ್ಷದ ರೋಗಿ ಫ್ರಾಂಕ್ಲಿನ್ ಮತ್ತೆ ಸುಳ್ಳು ಹೆಸರಿನ ಹಳೆಯ ಉಪಾಯಕ್ಕೆ ಕೈಹಾಕಿದರು. ನೂರು ವರ್ಷ ಹಿಂದೆ ಆಲ್ಜಿಯರ್ಸ್‌ನ ಮುಸ್ಲಿಂ ಅಧಿಕಾರಿಯೊಬ್ಬ ಕ್ರೈಸ್ತ ಗುಲಾಮರನ್ನು ಬಿಡಬಾರದೆಂದು ಮಾಡಿದ ಭಾಷಣ ಎಂದು ಒಂದನ್ನು ಕಟ್ಟಿ ಪತ್ರಿಕೆಗೆ ಕೊಟ್ಟರು. ಇವರನ್ನು ಬಿಟ್ಟರೆ ಹೊಲ ಉಳುವವರು ಯಾರು, ಒಡೆಯರ ನಷ್ಟ ತುಂಬುವವರು ಯಾರು, ಬಿಟ್ಟವರು ಹೋಗುವುದೆಲ್ಲಿಗೆ ಎಂದು ಜಾಕ್ಸನ್ ಬಗೆಯ ವಾದಗಳೇ ಅಲ್ಲಿ ಒಂದರ ಹಿಂದೊಂದು ಬರುತ್ತವೆ. ಗುಲಾಮರ ಬಣ್ಣ ಮಾತ್ರ ಬೇರೆ. ಆ ಬರಹ ಮಾರ್ಚ್ ತಿಂಗಳಲ್ಲಿ ಪ್ರಕಟವಾಯಿತು. ಏಪ್ರಿಲ್ 17ರಂದು ಅವರು ತೀರಿಕೊಂಡರು. ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಳ್ಳಲು ಇನ್ನೂ 75 ವರ್ಷ ಬೇಕಾಯಿತು.