ಗಾಯಕ್ಕೆ ಹೊಗೆಸೊಪ್ಪು ಮದ್ದೇ? ನಿಕೋಟಿನ್‌ಗೆ ಹೆಸರು ಕೊಟ್ಟವನ ಕಥೆ

ಕುಡುಗೋಲು ತಾಗಿ ಬೆರಳು ಕೊಯ್ದರೆ ಕೈಗೆ ಸಿಕ್ಕಿದ್ದನ್ನು ಒತ್ತಿ ಬಟ್ಟೆ ಕಟ್ಟುವುದು ಹಳ್ಳಿಗಳಲ್ಲಿ ಹಳೆಯ ರೂಢಿ. ಕಾಫಿಪುಡಿ, ಅರಿಶಿನ, ಒಂದು ಚಿಟಿಕೆ ನಶ್ಯ, ಇಲ್ಲವೇ ಬೀಡಿ ಬಿಚ್ಚಿ ತೆಗೆದ ಸೊಪ್ಪು. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ಓದುಗರಿಗೂ ಇದು ಹೊಸದಲ್ಲ. ಹಾಗಾಗಿ ಹೊಗೆಸೊಪ್ಪು ಗಾಯ ಮಾಯಿಸುತ್ತದೆ ಎಂಬ ಫಾರ್ವರ್ಡ್ ಬಂದರೆ ನಾವು ಸುಲಭವಾಗಿ ನಂಬುತ್ತೇವೆ. 460 ವರ್ಷಗಳ ಹಿಂದೆ ಇದೇ ಮಾತನ್ನು ನಂಬಿ ರಾಜಮನೆತನಕ್ಕೇ ಮುಟ್ಟಿಸಿದವನೊಬ್ಬನಿದ್ದ. ಆತನ ಹೆಸರು ಜಾನ್ ನಿಕೊ. ಬರೆಯುವಾಗ ಕೊನೆಯಲ್ಲಿ ಒಂದು ‘ಟ’ ಇದೆ, ಫ್ರೆಂಚರು ಅದನ್ನು ಉಚ್ಚರಿಸುವುದಿಲ್ಲ. ಆದರೆ ನಿಕೋಟಿನ್ ಎನ್ನುವಾಗ ನಾವೆಲ್ಲ ಉಚ್ಚರಿಸುತ್ತೇವೆ!

ನಿಕೊ 1530ರಲ್ಲಿ ದಕ್ಷಿಣ ಫ್ರಾನ್ಸಿನ ನೀಮ್ ಪಟ್ಟಣದಲ್ಲಿ ಹುಟ್ಟಿದ. ತಂದೆ ದಸ್ತಾವೇಜು ಬರೆಯುವ ನೋಟರಿ. ಓದಿನಲ್ಲಿ ಚುರುಕಾಗಿದ್ದ ಮಗ ಅರಮನೆಯ ಕೆಲಸಕ್ಕೆ ಸೇರಿ 1559ರಲ್ಲಿ ಪೋರ್ಚುಗಲ್‌ನ ಲಿಸ್ಬನ್‌ಗೆ ರಾಯಭಾರಿಯಾಗಿ ಹೋದ. ಹೋದದ್ದು ಮದುವೆ ಮಾತುಕತೆಗೆ. ಹುಡುಗಿ ಫ್ರಾನ್ಸಿನ ರಾಜಕುಮಾರಿ, ವಯಸ್ಸು 6. ಹುಡುಗ ಪೋರ್ಚುಗಲ್‌ನ ದೊರೆ, ವಯಸ್ಸು 5. ಆ ಸಂಬಂಧ ಕೂಡಿಬರಲಿಲ್ಲ.

ಅಲ್ಲಿ ಆತನಿಗೆ ಅಮೆರಿಕದಿಂದ ಬಂದ ಹೊಸ ಗಿಡವೊಂದು ಸಿಕ್ಕಿತು. ಮನೆಯ ತೋಟದಲ್ಲಿ ನೆಟ್ಟ. ಮನೆಯಲ್ಲಿದ್ದ ಸೇವಕ ಹುಡುಗನ ಬಂಧುವೊಬ್ಬನಿಗೆ ಮುಖದಲ್ಲಿ ಮಾಯದ ಹುಣ್ಣಿತ್ತು. ಈ ಎಲೆಯನ್ನು ಜಜ್ಜಿ ರಸದ ಸಮೇತ ಹಚ್ಚುತ್ತಾ ಬಂದಾಗ ಅದು ವಾಸಿಯಾಯಿತಂತೆ. ಆಮೇಲೆ ಅಡುಗೆಯವನು ದೊಡ್ಡ ಚಾಕುವಿನಿಂದ ಹೆಬ್ಬೆರಳನ್ನು ಕತ್ತರಿಸಿಕೊಂಡ. ಅದೇ ಸೊಪ್ಪು ಕಟ್ಟಿದರು. ಐದಾರು ಸಲ ಕಟ್ಟು ಬದಲಿಸುವಷ್ಟರಲ್ಲಿ ಗಾಯ ಕೂಡಿಕೊಂಡಿತು. ಸುದ್ದಿ ಊರೆಲ್ಲ ಹಬ್ಬಿತು. 1560ರಲ್ಲಿ ನಿಕೊ ಆ ಗಿಡವನ್ನು ಫ್ರಾನ್ಸಿನ ಅರಮನೆಗೆ ತಲುಪಿಸಿದ. ರಾಜಮಾತೆ ಕ್ಯಾಥರೀನ್ ತಲೆನೋವಿಗೆಂದು ಅದರ ಪುಡಿ ಬಳಸಿದಳು ಎಂಬ ಕಥೆಯೂ ಬೆಳೆಯಿತು. ಜನ ಅದನ್ನು ರಾಯಭಾರಿಯ ಸೊಪ್ಪು, ರಾಣಿಯ ಸೊಪ್ಪು ಎಂದು ಕರೆದರು. ಆ ಕಾಲದ ಕೃಷಿ ಪುಸ್ತಕವೊಂದು ಎರಡೂ ಗಾಯಗಳ ಕಥೆಯನ್ನು ಅಚ್ಚು ಹಾಕಿತು. ಆಗಿನ ಫಾರ್ವರ್ಡ್ ಎಂದರೆ ಇದೇ.

ನಿಕೊ ಸುಳ್ಳು ಹೇಳಿದನೆಂದು ನಾವು ಹೇಳುತ್ತಿಲ್ಲ. ಆರೋಗ್ಯವಂತನ ಕೊಯ್ದ ಬೆರಳನ್ನು ಒತ್ತಿ ಕಟ್ಟಿ, ಕಟ್ಟು ಬದಲಿಸುತ್ತಾ ಹೋದರೆ ಸೊಪ್ಪಿಲ್ಲದೆಯೂ ಅದು ಕೂಡಿಕೊಳ್ಳಬಹುದು. ಅಂಥದೇ ಗಾಯಕ್ಕೆ ಬರೀ ಬಟ್ಟೆ ಕಟ್ಟಿ ಯಾರೂ ಹೋಲಿಸಿ ನೋಡಲಿಲ್ಲ, ಅಷ್ಟೇ.

ಆತ ಮುಂದೆ ಗಿಡದ ಗೊಡವೆ ಬಿಟ್ಟು ಶಬ್ದಗಳ ಹಿಂದೆ ಬಿದ್ದ. ಸಿದ್ಧಪಡಿಸಿದ ಫ್ರೆಂಚ್ ನಿಘಂಟು 1606ರಲ್ಲಿ, ಆತ ತೀರಿಕೊಂಡ ಮೇಲೆ ಅಚ್ಚಾಯಿತು. ವಿದ್ವಾಂಸನೆಂದು ನೆನಪಿಡಬೇಕಾದವನನ್ನು ಲೋಕ ನೆನಪಿಟ್ಟದ್ದು ಬೇರೆಯದಕ್ಕೆ. 1753ರಲ್ಲಿ ಲಿನೇಯಸ್ ಗಿಡದ ಕುಲಕ್ಕೆ ನಿಕೋಟಿಯಾನ ಎಂಬ ಹೆಸರನ್ನು ಖಾಯಂ ಮಾಡಿದ. 1828ರಲ್ಲಿ ಜರ್ಮನಿಯ ಇಬ್ಬರು ವಿಜ್ಞಾನಿಗಳು ಅದರ ವಿಷವನ್ನು ಬೇರ್ಪಡಿಸಿದಾಗ ಅದು ನಿಕೋಟಿನ್ ಆಯಿತು.

ಪೋರ್ಚುಗೀಸರ ಹಡಗಿನಲ್ಲೇ ಹೊಗೆಸೊಪ್ಪು ನಮ್ಮ ಕಡೆಗೂ ಬಂತು. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಅದನ್ನು ಮೊದಲು ಕಂಡದ್ದು ನಮ್ಮ ವಿಜಾಪುರದಲ್ಲಿ. ಇಂದು ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೇ ಇದೆ. ಮಳೆಗಾಲದಲ್ಲಿ ಒದ್ದೆ ಎಲೆ ಮುರಿಯುವವರಿಗೆ ಒಮ್ಮೊಮ್ಮೆ ತಲೆಸುತ್ತು, ವಾಂತಿ ಬರುತ್ತದೆ. ಬೀಡಿ ಮುಟ್ಟದವರಿಗೂ ಬರುತ್ತದೆ. ಎಲೆಯ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕ ಒಳಗೆ ಹೋಗುವುದೇ ಕಾರಣ. ಗಟ್ಟಿ ಚರ್ಮವನ್ನೇ ದಾಟುವ ವಿಷ ತೆರೆದ ಗಾಯದಲ್ಲಿ ಇನ್ನೂ ಸಲೀಸಾಗಿ ಇಳಿಯುತ್ತದೆ. ಸೊಪ್ಪಿನ ಜೊತೆ ಮಣ್ಣು ಸೇರಿದ್ದರೆ ಧನುರ್ವಾಯುವಿನ ಭಯ ಬೇರೆ.

ಸೇದುವವರ ಗಾಯ ಯಾಕೆ ನಿಧಾನ? ಗಾಯ ಮಾಯಲು ರಕ್ತ ಬೇಕು, ಆ ರಕ್ತದಲ್ಲಿ ಆಮ್ಲಜನಕ ಬೇಕು. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಅದರ ಜಾಗ ಕಿತ್ತುಕೊಳ್ಳುತ್ತದೆ. ಹೊಸ ಚರ್ಮಕ್ಕೆ ಹಂದರವಾಗುವ ಕೊಲಾಜೆನ್ ಕಡಿಮೆಯಾಗುತ್ತದೆ, ಸೋಂಕಿನೊಡನೆ ಹೋರಾಡುವ ಕಣಗಳು ಸೊರಗುತ್ತವೆ. ಆಪರೇಷನ್ ಆದಮೇಲೆ ಹೊಲಿಗೆ ಬಿಚ್ಚಿಕೊಳ್ಳುವುದು, ಕೀವಾಗುವುದು, ಮುರಿದ ಮೂಳೆ ಕೂಡಲು ತಡವಾಗುವುದು ಸೇದುವವರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಾದರೆ ಕಾಲನ್ನೇ ಕಳೆದುಕೊಳ್ಳುವ ಅಪಾಯ ಇನ್ನಷ್ಟು ಏರುತ್ತದೆ.

ಎಲ್ಲ ತಪ್ಪನ್ನೂ ನಿಕೋಟಿನ್ ತಲೆಗೇ ಕಟ್ಟುವಂತಿಲ್ಲ, ಹೊಗೆಯ ಪಾಲು ದೊಡ್ಡದು. ಅದಕ್ಕೇ ಸೇದುವುದನ್ನು ಬಿಡಲು ವೈದ್ಯರು ನಿಕೋಟಿನ್ ಗಮ್ ಕೊಡುವುದೂ ಉಂಟು. ಆಪರೇಷನ್‌ಗೆ ಕನಿಷ್ಠ 4 ವಾರ ಮೊದಲು ಬಿಟ್ಟರೆ ತೊಡಕು ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿತು. ಆ 4 ವಾರದ ಮೇಲೆ ತಂಬಾಕಿಲ್ಲದೆ ಕಳೆದ ಪ್ರತಿ ವಾರಕ್ಕೂ ಶೇ 19ರಷ್ಟು ಹೆಚ್ಚಿನ ಲಾಭವಿದೆ. ಬಿಡಲು ನೆರವು ಬೇಕಿದ್ದರೆ ಸರ್ಕಾರದ ಉಚಿತ ಸಹಾಯವಾಣಿ 1800-112-356. ಇನ್ನು ಕುಡುಗೋಲಿನ ಗಾಯಕ್ಕೆ ಹರಿಯುವ ಶುದ್ಧ ನೀರು, ಸೋಪು, ಒಗೆದ ಬಟ್ಟೆಯ ಒತ್ತುಕಟ್ಟು, ಮತ್ತು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಟಿ.ಟಿ. ಇಂಜೆಕ್ಷನ್ ಬೇಕೇ ಎಂದು ವಿಚಾರಿಸುವುದು.