ಓಟೊ ಕೋನಿಗ್ಸ್‌ಬರ್ಗರ್

ಓಟೊ ಹೈನ್ರಿಕ್ ಕೋನಿಗ್ಸ್‌ಬರ್ಗರ್ (ಅಕ್ಟೋಬರ್ 13, 1908 – ಜನವರಿ 3, 1999) ಅವರು ಜರ್ಮನಿಯಲ್ಲಿ ಜನಿಸಿ, 1939ರಿಂದ 1948ರವರೆಗೆ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಸೇವೆ ಸಲ್ಲಿಸಿದ ವಾಸ್ತುಶಿಲ್ಪಿ, ನಗರಯೋಜಕ ಮತ್ತು ಪ್ರಾಧ್ಯಾಪಕ. ಉಷ್ಣವಲಯದ ಮನೆಗಳನ್ನು ಆಯಾ ಪ್ರದೇಶದ ಹವೆಗೆ ಹೊಂದುವಂತೆ ವಿನ್ಯಾಸಗೊಳಿಸುವ ವಿದ್ಯೆಗೆ ಶಾಸ್ತ್ರೀಯ ತಳಹದಿ ಹಾಕಿದವರಲ್ಲಿ ಅವರು ಪ್ರಮುಖರು. ಸೆಖೆಯನ್ನು ತಗ್ಗಿಸುವ ಕೆಲಸ ಮನೆಯ ದಿಕ್ಕು, ಮಾಡು, ಗೋಡೆ ಮತ್ತು ಕಿಟಕಿಗಳಿಂದಲೇ ಆರಂಭವಾಗಬೇಕೆಂಬುದು ಅವರ ಬೋಧನೆ ಮತ್ತು ಬರಹಗಳ ತಿರುಳು.

ಜನನ ಮತ್ತು ಶಿಕ್ಷಣ

ಕೋನಿಗ್ಸ್‌ಬರ್ಗರ್ ಅವರು ಬರ್ಲಿನ್ ನಗರದ ಯಹೂದಿ ಮೂಲದ ಕುಟುಂಬವೊಂದರಲ್ಲಿ ಜನಿಸಿದರು. ತಂದೆಯೂ ವಾಸ್ತುಶಿಲ್ಪಿ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರು ಇವರ ಸೋದರಮಾವ. ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ವಾಸ್ತುಶಿಲ್ಪವನ್ನು ಅಭ್ಯಾಸ ಮಾಡಿ 1931ರಲ್ಲಿ ಪದವಿ ಪಡೆದರು. 1933ರಲ್ಲಿ ಅವರಿಗೆ ಶಿಂಕೆಲ್ ಪ್ರಶಸ್ತಿ ದೊರೆಯಿತು. ಅದೇ ವರ್ಷ ನಾಜಿ ಪಕ್ಷ ಅಧಿಕಾರಕ್ಕೆ ಬಂದುದರಿಂದ ಯಹೂದಿ ಮೂಲದವರಿಗೆ ಸರ್ಕಾರಿ ಉದ್ಯೋಗದ ಬಾಗಿಲು ಮುಚ್ಚಿತು. ಕೋನಿಗ್ಸ್‌ಬರ್ಗರ್ ಅವರು ದೇಶ ತೊರೆದು ಈಜಿಪ್ಟಿಗೆ ತೆರಳಿದರು. ಕೈರೋದಲ್ಲಿ ಪುರಾತತ್ತ್ವಜ್ಞ ಲುಡ್ವಿಗ್ ಬೋರ್ಖಾರ್ಟ್ ಅವರೊಂದಿಗೆ ಕೆಲಸ ಮಾಡುತ್ತ, ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯನ್ನು ಕುರಿತ ಪ್ರಬಂಧಕ್ಕಾಗಿ ಡಾಕ್ಟರೇಟ್ ಪಡೆದರು.

ಮೈಸೂರು ಸಂಸ್ಥಾನದಲ್ಲಿ

ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ ಮ್ಯಾಕ್ಸ್ ಬಾರ್ನ್ ಅವರು 1935–36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಇದಾದ ಕೆಲವು ವರ್ಷಗಳಲ್ಲಿ, 1939ರಲ್ಲಿ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತಾವಧಿಯಲ್ಲಿ ಕೋನಿಗ್ಸ್‌ಬರ್ಗರ್ ಅವರು ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ನೇಮಕಗೊಂಡರು. ಆಗ ಅವರಿಗೆ ಮೂವತ್ತು ವರ್ಷ ವಯಸ್ಸು.

ದಿವಾನರಿಗೆ ಗುಮ್ಮಟ, ಕಮಾನು, ಅಲಂಕಾರಗಳಿಂದ ಕೂಡಿದ ಕಟ್ಟಡಗಳಲ್ಲಿ ಅಭಿರುಚಿಯಿತ್ತು. ಬರ್ಲಿನ್ನಿನಲ್ಲಿ ಆಧುನಿಕ ಪಂಥದ ಶಿಕ್ಷಣ ಪಡೆದಿದ್ದ ಕೋನಿಗ್ಸ್‌ಬರ್ಗರ್ ಅವರಿಗೆ ಅಲಂಕಾರಕ್ಕಿಂತ ಕಟ್ಟಡದ ಉಪಯೋಗವೇ ಮುಖ್ಯವಾಗಿತ್ತು. ಈ ಎರಡು ಒಲವುಗಳ ನಡುವೆಯೇ ಅವರು ಕೆಲಸ ಮಾಡಬೇಕಾಯಿತು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ಮತ್ತು ವಿಮಾನಶಾಸ್ತ್ರ ವಿಭಾಗಗಳ ಕಟ್ಟಡಗಳು ಅವರ ಈ ಅವಧಿಯ ಕೃತಿಗಳಲ್ಲಿ ಸೇರಿವೆ. ಟಾಟಾ ಸಂಸ್ಥೆಗಾಗಿ ಜಮ್‌ಶೆಡ್‌ಪುರದ ಅಭಿವೃದ್ಧಿ ಯೋಜನೆಯನ್ನೂ ಅವರು ಸಿದ್ಧಪಡಿಸಿದರು.

ಭದ್ರಾವತಿ ಮತ್ತು ತರೀಕೆರೆ ಸೀಮೆ

ಮೈಸೂರು ಸಂಸ್ಥಾನದಲ್ಲಿ ಕೋನಿಗ್ಸ್‌ಬರ್ಗರ್ ಅವರು ಕೈಗೊಂಡ ನಗರಯೋಜನೆಗಳಲ್ಲಿ ಉಕ್ಕಿನ ಪಟ್ಟಣ ಭದ್ರಾವತಿಯದೂ ಒಂದು. ತರೀಕೆರೆಯಿಂದ ಉತ್ತರಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿರುವ ಈ ಪಟ್ಟಣದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತ್ತು. ಅದಕ್ಕೆ ಬೇಕಾದ ಅದಿರು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಸಮುದ್ರಮಟ್ಟದಿಂದ 1,400 ಮೀಟರಿಗೂ ಎತ್ತರದ ಕೆಮ್ಮಣ್ಣುಗುಂಡಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಬೇಸಿಗೆಯ ತಂಗುದಾಣವೂ ಆಗಿತ್ತು. ಬೇಸಿಗೆಯ ಧಗೆಯಿಂದ ಪಾರಾಗಲು ಅರಸರು ಬೆಟ್ಟ ಏರಬಹುದಾಗಿತ್ತು. ಕುಲುಮೆಯ ಮುಂದೆ ದಿನ ಕಳೆದ ಕಾರ್ಮಿಕನಿಗೆ ತಂಪು ಸಿಗಬೇಕಾದುದು ಅವನು ಮಲಗುವ ಕೋಣೆಯಲ್ಲೇ. ಕೈಗಾರಿಕಾ ಪಟ್ಟಣಗಳಲ್ಲಿ ಅಗ್ಗದ ಮನೆಗಳನ್ನು ವಾಸಯೋಗ್ಯವಾಗಿ ಕಟ್ಟುವ ಈ ಪ್ರಶ್ನೆ ಅವರ ಮುಂದಿನ ವೃತ್ತಿಜೀವನದುದ್ದಕ್ಕೂ ಮುಂದುವರಿಯಿತು.

ಸ್ವತಂತ್ರ ಭಾರತದಲ್ಲಿ

1948ರಲ್ಲಿ ಕೋನಿಗ್ಸ್‌ಬರ್ಗರ್ ಅವರು ಭಾರತ ಸರ್ಕಾರದ ಆರೋಗ್ಯ ಸಚಿವಾಲಯದಲ್ಲಿ ವಸತಿ ನಿರ್ದೇಶಕರಾದರು. ಒಡಿಶಾದ ಹೊಸ ರಾಜಧಾನಿ ಭುವನೇಶ್ವರದ ಯೋಜನೆ ಅವರದು. ದೇಶವಿಭಜನೆಯಿಂದ ನಿರಾಶ್ರಿತರಾಗಿ ಬಂದವರಿಗಾಗಿ ನಿರ್ಮಿಸಿದ ಫರೀದಾಬಾದ್, ಗಾಂಧಿಧಾಮ ಮೊದಲಾದ ಪಟ್ಟಣಗಳ ಯೋಜನೆಯಲ್ಲೂ ಅವರ ಪಾತ್ರವಿತ್ತು.

ಲಕ್ಷಾಂತರ ಜನರಿಗೆ ಬೇಗನೆ ಸೂರು ಒದಗಿಸುವ ಉದ್ದೇಶದಿಂದ ದೆಹಲಿಯಲ್ಲಿ ಸರ್ಕಾರಿ ವಸತಿ ಕಾರ್ಖಾನೆಯನ್ನು ಸ್ಥಾಪಿಸಲಾಯಿತು. ಹಗುರವಾದ ಕಾಂಕ್ರೀಟಿನ ಸಿದ್ಧ ಫಲಕಗಳನ್ನು ತಯಾರಿಸಿ, ನಿವೇಶನದಲ್ಲಿ ಜೋಡಿಸಿ ಮನೆ ಕಟ್ಟುವುದು ಇದರ ಕ್ರಮ. ಆದರೆ ಫಲಕಗಳಲ್ಲಿ ದೋಷಗಳು ಕಂಡುಬಂದು ಯೋಜನೆ ವಿಫಲವಾಯಿತು. ಸಂಸತ್ತಿನಲ್ಲಿ ಕಟುವಾದ ಟೀಕೆಗಳು ಕೇಳಿಬಂದವು. 1951ರಲ್ಲಿ ಕೋನಿಗ್ಸ್‌ಬರ್ಗರ್ ಅವರು ಭಾರತವನ್ನು ಬಿಟ್ಟು ಲಂಡನ್ನಿಗೆ ತೆರಳಿದರು. ಕಾರ್ಖಾನೆ 1953ರಲ್ಲಿ ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಹೆಸರಿನಲ್ಲಿ ಹೊಸ ರೂಪ ಪಡೆಯಿತು.

ಲಂಡನ್ನಿನಲ್ಲಿ ಅಧ್ಯಾಪನ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 1953ರಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಕುರಿತ ಸಮ್ಮೇಳನ ನಡೆಯಿತು. ಬ್ರಿಟನ್ನಿನಲ್ಲಿ ಕಲಿಸುವ ವಿದ್ಯೆ ತಮ್ಮ ದೇಶದ ಹವೆಗೆ ಒದಗುವುದಿಲ್ಲ ಎಂದು ನೈಜೀರಿಯಾದ ವಿದ್ಯಾರ್ಥಿ ಅಡೆಡೊಕುನ್ ಅಡೆಯೆಮಿ ಎತ್ತಿದ ಆಕ್ಷೇಪ ಈ ಸಮ್ಮೇಳನಕ್ಕೆ ಪ್ರೇರಣೆಯಾಗಿತ್ತು. ಇದರ ಫಲವಾಗಿ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ 1954ರಲ್ಲಿ ಉಷ್ಣವಲಯದ ವಾಸ್ತುಶಿಲ್ಪ ವಿಭಾಗ ಆರಂಭವಾಯಿತು. ಅದರ ಮೊದಲ ಮುಖ್ಯಸ್ಥರಾದ ಮ್ಯಾಕ್ಸ್‌ವೆಲ್ ಫ್ರೈ ಅವರ ನಂತರ, 1957ರಿಂದ ಕೋನಿಗ್ಸ್‌ಬರ್ಗರ್ ಅವರು ವಿಭಾಗವನ್ನು ಮುನ್ನಡೆಸಿದರು. 1971ರಲ್ಲಿ ವಿಭಾಗವು ಯೂನಿವರ್ಸಿಟಿ ಕಾಲೇಜಿಗೆ ವರ್ಗಾವಣೆಯಾಗಿ ಅಭಿವೃದ್ಧಿ ಯೋಜನಾ ಘಟಕವಾಯಿತು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 1978ರಲ್ಲಿ ನಿವೃತ್ತರಾದರು.

ಇದರ ಜೊತೆಗೆ ವಿಶ್ವಸಂಸ್ಥೆಯ ಸಲಹೆಗಾರರಾಗಿಯೂ ಅವರು ಹಲವು ದೇಶಗಳಲ್ಲಿ ಕೆಲಸ ಮಾಡಿದರು. ಇಂದಿನ ಘಾನಾದಲ್ಲಿ ಚಾರ್ಲ್ಸ್ ಏಬ್ರಮ್ಸ್ ಮತ್ತಿತರರೊಂದಿಗೆ ಮಾಡಿನ ಸಾಲದ ಯೋಜನೆಯನ್ನು ಸೂಚಿಸಿದರು. ಅಲ್ಲಿನ ಕುಟುಂಬಗಳು ಸ್ಥಳೀಯ ಮಣ್ಣಿನಿಂದ ಗೋಡೆಗಳನ್ನು ತಾವೇ ಎಬ್ಬಿಸಿಕೊಳ್ಳುತ್ತಿದ್ದವು. ಹಣದ ಕೊರತೆ ಎದುರಾಗುತ್ತಿದ್ದುದು ಮಾಡು ಹೊದಿಸುವಾಗ. ಆದ್ದರಿಂದ ಅಷ್ಟಕ್ಕೆ ಮಾತ್ರ ಸಾಲ ಕೊಡುವುದು ಈ ಯೋಜನೆಯ ವೈಶಿಷ್ಟ್ಯ. 1963ರಲ್ಲಿ ಸಿಂಗಪುರಕ್ಕೆ ತೆರಳಿದ ವಿಶ್ವಸಂಸ್ಥೆಯ ನಗರಯೋಜನಾ ತಂಡದಲ್ಲೂ ಅವರಿದ್ದರು.

ಹವೆಗೆ ತಕ್ಕ ಗೃಹವಿನ್ಯಾಸ

ಕೋನಿಗ್ಸ್‌ಬರ್ಗರ್ ಅವರು ಇಂಗರ್‌ಸಾಲ್, ಮೇಹ್ಯೂ ಮತ್ತು ಸೊಕೊಲೇ ಅವರೊಂದಿಗೆ ರಚಿಸಿದ ಉಷ್ಣವಲಯದ ವಸತಿ ಮತ್ತು ಕಟ್ಟಡಗಳ ಕೈಪಿಡಿ 1970ರ ದಶಕದಲ್ಲಿ ಪ್ರಕಟವಾಯಿತು. ಮನುಷ್ಯನ ದೇಹ ಶಾಖವನ್ನು ಹೊರಹಾಕುವ ಬಗೆಯನ್ನು ಈ ಗ್ರಂಥ ವಿವರಿಸುತ್ತದೆ. ತೇವಾಂಶ ಹೆಚ್ಚಿರುವಲ್ಲಿ ಬೆವರು ಆರುವುದಿಲ್ಲ. ಅಲ್ಲಿ ಮೈಗೆ ಗಾಳಿ ಸೋಕುವುದೇ ಮುಖ್ಯ. ಒಣಹವೆಯ ನಾಡಿನಲ್ಲಿ ಹಗಲಿನ ಬಿಸಿಗಾಳಿಯನ್ನು ಹೊರಗಿಟ್ಟು, ದಪ್ಪ ಗೋಡೆಗಳಿಂದ ಶಾಖವನ್ನು ತಡೆಹಿಡಿಯುವುದು ಲೇಸು. ಹೀಗೆ ಒಂದು ಪ್ರದೇಶಕ್ಕೆ ಹಿತವಾದ ಮನೆ ಇನ್ನೊಂದಕ್ಕೆ ಹಿತವಾಗದು.

ಈ ತತ್ತ್ವವನ್ನು ಆಚರಣೆಗೆ ತರುವ ಸಾಧನವೇ ಮಹೋನಿ ಕೋಷ್ಟಕಗಳು. ಕಾರ್ಲ್ ಮಹೋನಿ ಅವರ ಹೆಸರನ್ನು ಹೊತ್ತ ಈ ಕೋಷ್ಟಕಗಳನ್ನು ಕೋನಿಗ್ಸ್‌ಬರ್ಗರ್, ಮಹೋನಿ ಮತ್ತು ಮಾರ್ಟಿನ್ ಇವಾನ್ಸ್ ಅವರು ವಿಶ್ವಸಂಸ್ಥೆಯ 1971ರ ಪ್ರಕಟಣೆಯೊಂದರಲ್ಲಿ ಮುಂದಿಟ್ಟರು. ಊರಿನ ಹನ್ನೆರಡು ತಿಂಗಳ ತಾಪಮಾನ, ತೇವಾಂಶ, ಮಳೆ ಮತ್ತು ಗಾಳಿಯ ವಿವರಗಳನ್ನು ಬರೆದುಕೊಂಡು, ಎಷ್ಟು ತಿಂಗಳು ಗಾಳಿಯಾಟ ಅಗತ್ಯ, ಎಷ್ಟು ತಿಂಗಳು ಶಾಖ ಹಿಡಿದಿಡುವ ಗೋಡೆ ಬೇಕು, ಯಾವಾಗ ಮಳೆಯಿಂದ ರಕ್ಷಣೆ ಬೇಕು ಎಂಬುದನ್ನು ಎಣಿಸಲಾಗುತ್ತದೆ. ಆ ಎಣಿಕೆಯಿಂದ ಮನೆಯ ದಿಕ್ಕು, ಕಿಟಕಿಗಳ ಗಾತ್ರ, ಗೋಡೆ ಮತ್ತು ಮಾಡಿನ ಸ್ವರೂಪ ನಿರ್ಧಾರವಾಗುತ್ತವೆ. ದೊಡ್ಡ ಕಿಟಕಿಗಳೆಂದರೆ ಗೋಡೆಯ ಶೇ. 40ರಿಂದ 80ರಷ್ಟು, ತೀರ ಚಿಕ್ಕವೆಂದರೆ ಶೇ. 10ರಿಂದ 20ರಷ್ಟು ಎಂದು ಕೋಷ್ಟಕ ಗೊತ್ತುಪಡಿಸುತ್ತದೆ.

ತರೀಕೆರೆ ಸೀಮೆ ಇದಕ್ಕೆ ಒಳ್ಳೆಯ ನಿದರ್ಶನ. ನೈಋತ್ಯಕ್ಕೆ ಬಾಬಾಬುಡನ್ ಗಿರಿಶ್ರೇಣಿಯ ಮಳೆಕಾಡು, ಪೂರ್ವಕ್ಕೆ ಅಜ್ಜಂಪುರ, ಕಡೂರುಗಳ ಒಣಬಯಲು. ಮಲೆನಾಡಿನ ಮನೆಗಳ ಇಳಿಜಾರು ಹೆಂಚಿನ ಮಾಡು, ಮುಂಚಾಚಿದ ಸೂರು, ಜಗಲಿಗಳು ಮಳೆಯನ್ನು ತಡೆದು ಗಾಳಿಗೆ ದಾರಿ ಬಿಡುತ್ತವೆ. ಬಯಲುಸೀಮೆಯ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಗೋಡೆಗಳು ಹಗಲಿನ ಶಾಖ ಒಳಬರುವುದನ್ನು ತಡಮಾಡುತ್ತವೆ. ಎರಡರ ನಡುವಿನ ಊರಿನಲ್ಲಿ ಯಾವುದಕ್ಕೆ ಎಷ್ಟು ಪ್ರಾಧಾನ್ಯ ಎಂಬುದನ್ನು ತಿಂಗಳುಗಳ ಲೆಕ್ಕವೇ ಹೇಳಬೇಕು. ಈ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ಭಾಗ ಮತ್ತು ಆಗಸ್ಟ್ ನಡುಭಾಗದಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆದ್ದರಿಂದ ಬೇಸಿಗೆಯ ಬಿಸಿಲಿನ ಹೆಚ್ಚಿನ ಭಾಗ ಬೀಳುವುದು ಮಾಡಿನ ಮೇಲೆ. ಪೂರ್ವ–ಪಶ್ಚಿಮವಾಗಿ ಉದ್ದವಾದ ಮನೆಯ ದೊಡ್ಡ ಗೋಡೆಗಳು ಉತ್ತರ–ದಕ್ಷಿಣಕ್ಕೆ ಮುಖ ಮಾಡುವುದರಿಂದ ಸಂಜೆಯ ಓರೆಬಿಸಿಲು ಕಡಿಮೆ ತಗಲುತ್ತದೆ.

ಹವಾನಿಯಂತ್ರಣ ಯಂತ್ರಗಳು

ಕೈಪಿಡಿಯು ಯಂತ್ರಗಳನ್ನು ತಿರಸ್ಕರಿಸುವುದಿಲ್ಲ. ಕಟ್ಟಡದ ರಚನೆ, ಗಾಳಿಯಾಟ ಮತ್ತು ಯಂತ್ರ ಈ ಮೂರನ್ನೂ ಒಳಾಂಗಣದ ಹವೆಯನ್ನು ಹದಗೊಳಿಸುವ ಉಪಾಯಗಳಾಗಿ ಪರಿಗಣಿಸುತ್ತದೆ. ಇಂದು ಮನೆಗಳಲ್ಲಿ ಬಳಕೆಯಲ್ಲಿರುವ ಸ್ಪ್ಲಿಟ್ ಎ.ಸಿ.ಗೆ ಗಾಳಿ ಸಾಗಿಸುವ ದೊಡ್ಡ ಕೊಳವೆಗಳು ಬೇಕಿಲ್ಲ. ಒಳಘಟಕ ಕೋಣೆಯ ಶಾಖವನ್ನು ಶೀತಕದ್ರವಕ್ಕೆ ವರ್ಗಾಯಿಸುತ್ತದೆ. ತೆಳುವಾದ ತಾಮ್ರದ ಕೊಳವೆಗಳ ಮೂಲಕ ಅದು ಹೊರಘಟಕವನ್ನು ತಲುಪಿ ಶಾಖವನ್ನು ಬಯಲಿಗೆ ಬಿಡುತ್ತದೆ. ಈ ಚಕ್ರವನ್ನು ಹಿಂದುಮುಂದಾಗಿಸಬಲ್ಲ ಯಂತ್ರಗಳು ಚಳಿಗಾಲದಲ್ಲಿ ಕೋಣೆಯನ್ನು ಬೆಚ್ಚಗೂ ಇಡುತ್ತವೆ. ಸಾಮಾನ್ಯವಾಗಿ ಇವು ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಂಪಾಗಿಸುವುದರಿಂದ ಹೊಸ ಗಾಳಿಗೆ ಬೇರೆ ವ್ಯವಸ್ಥೆ ಅಗತ್ಯ.

ಯಂತ್ರದ ಸಾಮರ್ಥ್ಯವನ್ನು ಟನ್‌ಗಳಲ್ಲಿ ಅಳೆಯಲಾಗುತ್ತದೆ. ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್‌ನಷ್ಟು ಶಾಖವನ್ನು ಹೊರಹಾಕುವ ಶಕ್ತಿ. ಎಷ್ಟು ಟನ್ ಬೇಕೆಂಬುದು ಕೋಣೆಯ ವಿಸ್ತೀರ್ಣವೊಂದರಿಂದಲೇ ತೀರ್ಮಾನವಾಗದು. ಒಳಗಿರುವ ಜನ ಮತ್ತು ದೀಪಗಳ ಶಾಖ, ಕಿಟಕಿಯ ಬಿಸಿಲು, ಗೋಡೆ–ಮಾಡುಗಳ ಮೂಲಕ ಬರುವ ಶಾಖ, ಹೊರಗಾಳಿ ತರುವ ಶಾಖ ಇವುಗಳನ್ನು ಕೂಡಿಸಬೇಕು. ಕೈಪಿಡಿಯಲ್ಲಿರುವ ಶಾಖ ಸಮತೋಲನದ ಲೆಕ್ಕ ಇದೇ. ಮಾಡಿಗೂ ಪಶ್ಚಿಮದ ಕಿಟಕಿಗೂ ನೆರಳು ಒದಗಿಸಿದ ಮನೆಯಲ್ಲಿ ಚಿಕ್ಕ ಯಂತ್ರವೇ ಸಾಕಾಗಬಹುದು. ಕೆಲವೆಡೆ ಬೀಸಣಿಗೆಯೇ ಸಾಕು.

ನಿಧನ ಮತ್ತು ಪ್ರಭಾವ

ಕೋನಿಗ್ಸ್‌ಬರ್ಗರ್ ಅವರು 1999ರ ಜನವರಿ 3ರಂದು ಲಂಡನ್ನಿನಲ್ಲಿ ನಿಧನರಾದರು. ಅವರು ಕಟ್ಟಿ ಬೆಳೆಸಿದ ಅಭಿವೃದ್ಧಿ ಯೋಜನಾ ಘಟಕ ಇಂದಿಗೂ ಕಾರ್ಯನಿರ್ವಹಿಸುತ್ತಿದೆ. ಅವರ ಕೈಪಿಡಿ ಭಾರತದ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಪಠ್ಯವಾಗಿ ಬಳಕೆಯಲ್ಲಿದೆ. ಮಹೋನಿ ಕೋಷ್ಟಕಗಳನ್ನು ಹವಾಮಾನ ಇಲಾಖೆಯ ಅಂಕಿಅಂಶಗಳಿಂದ ಯಾವ ಊರಿಗಾದರೂ ವಿದ್ಯಾರ್ಥಿಗಳು ಕೈಯಲ್ಲೇ ತುಂಬಬಹುದು.