ಎರವಲು ಗ್ಲೌಸಿನ ವಿಕೆಟ್ ಕೀಪರ್: ಮೂಲ್ಕಿಯ ಬುದ್ಧಿ ಕುಂದರನ್

ಈ ಲೇಖನಕ್ಕೆ ಮೂಲ ನಾನು ಸೋತ ಒಂದು ಪಂಥ. ಅಬುಧಾಬಿಯ ಅಂಚಿನಲ್ಲಿರುವ ಮುಸಫ್ಫಾ ಗ್ಯಾರೇಜುಗಳ, ಲೇತ್ ಯಂತ್ರಗಳ, ಕಬ್ಬಿಣದ ಗೋದಾಮುಗಳ ಊರು. ಇಲ್ಲಿ ದುಡಿಯುವ ನಮ್ಮಂಥ ಕನ್ನಡಿಗರಲ್ಲಿ ಕರಾವಳಿಯವರೇ ಹೆಚ್ಚು. ಕೆಲಸ ಮುಗಿದ ಮೇಲೆ ಕೆಫೆಟೇರಿಯಾದ ಮುಂದೆ ಕಾಗದದ ಲೋಟದಲ್ಲಿ ಚಹಾ ಹಿಡಿದು ನಿಂತರೆ ಮಾತು ಎರಡೇ ದಿಕ್ಕಿಗೆ ಹರಿಯುತ್ತದೆ: ಒಂದು ಕ್ರಿಕೆಟ್, ಇನ್ನೊಂದು ಸಿನಿಮಾ. ಅವೆರಡೂ ಒಂದರೊಳಗೊಂದು ಬೆರೆತು ಕೊನೆಗೆ ಯಾವುದರ ಬಗ್ಗೆ ಜಗಳವಾಡುತ್ತಿದ್ದೆವೆಂಬುದೇ ಮರೆತುಹೋಗುತ್ತದೆ.

2020ರ ಸೆಪ್ಟೆಂಬರ್ 24ರ ರಾತ್ರಿ ಆ ಜಗಳ ಕೋಣೆಯೊಳಗೇ ನಡೆಯಿತು. ಕೋವಿಡ್‌ನಿಂದಾಗಿ ಐಪಿಎಲ್ ಈ ದೇಶಕ್ಕೆ ಬಂದಿತ್ತು. ಶೇಖ್ ಜಾಯೆದ್ ಕ್ರೀಡಾಂಗಣ ನಮಗೆ ಕಾಲು ಗಂಟೆಯ ದಾರಿಯಾದರೂ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಅಂದು ದುಬೈನಲ್ಲಿ ಬೆಂಗಳೂರು ತಂಡಕ್ಕೂ ಪಂಜಾಬಿಗೂ ಪಂದ್ಯ. ಪಂಜಾಬಿನ ನಾಯಕ ಕೆ. ಎಲ್. ರಾಹುಲ್, ಅವನೊಡನೆ ಆಟ ಆರಂಭಿಸುವವನು ಮಯಾಂಕ್ ಅಗರ್ವಾಲ್, ತರಬೇತುದಾರ ಅನಿಲ್ ಕುಂಬ್ಳೆ. ಹೀಗಿರುವಾಗ ಕನ್ನಡಿಗನಾದವನು ಯಾರ ಪರ ಕೂಗಬೇಕು ಎಂಬುದೇ ಆ ರಾತ್ರಿಯ ದೊಡ್ಡ ತಾತ್ವಿಕ ಪ್ರಶ್ನೆ. ಕೊಹ್ಲಿ ಎರಡು ಕ್ಯಾಚ್ ಕೈಬಿಟ್ಟ. ರಾಹುಲ್ 69 ಎಸೆತಗಳಲ್ಲಿ ಅಜೇಯ 132 ಬಾರಿಸಿದ. ಬೆಂಗಳೂರು 97 ರನ್ನುಗಳಿಂದ ಸೋತಿತು. ಸುರತ್ಕಲ್‌ನಲ್ಲಿ ಬೆಳೆದ ಹುಡುಗ ವಿಕೆಟ್ ಕೀಪಿಂಗ್ ಮಾಡುತ್ತ, ಆರಂಭಿಕನಾಗಿಯೂ ಆಡುವುದು ನಮ್ಮ ಕರಾವಳಿಗೆ ಹೊಸ ಹೆಮ್ಮೆ ಎಂದು ನಾನೊಂದು ಮಾತು ಎಸೆದೆ. ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಅದನ್ನು ಒಪ್ಪಲಿಲ್ಲ. ಮೂಲ್ಕಿಯವರು, ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುವವರು. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತೇವೆ. ಸುರತ್ಕಲ್‌ನಿಂದ ಉತ್ತರಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಸಿಗುವ ತಮ್ಮೂರಿನವನೊಬ್ಬ ಅರುವತ್ತು ವರ್ಷಗಳ ಹಿಂದೆಯೇ ಇದನ್ನೆಲ್ಲ ಮಾಡಿ ಮುಗಿಸಿದ್ದನೆಂದು ಅವರು ವಾದಿಸಿದರು. ನಾನು ನಕ್ಕೆ. ಎಲ್ಲರಿಗೂ ಬಿರಿಯಾನಿ ಕೊಡಿಸುವ ಪಂಥವಾಯಿತು. ಹತ್ತು ನಿಮಿಷದಲ್ಲಿ ಸೋತೆ.

ಬುದ್ಧಿಸಾಗರ ಕೃಷ್ಣಪ್ಪ ಕುಂದರನ್ ಹುಟ್ಟಿದ್ದು 1939ರ ಅಕ್ಟೋಬರ್ 2ರಂದು, ಶಾಂಭವಿ ನದಿಯ ದಡದ ಮೂಲ್ಕಿಯಲ್ಲಿ. ಅಂದಿನ ಮೂಲ್ಕಿ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹಳೆಯ ಸ್ಕೋರು ಪಟ್ಟಿಗಳಲ್ಲಿ ಅವನ ಹೆಸರು ಕುಂದರಂ ಎಂದಿದೆ. 1960ರ ದಶಕದಲ್ಲಿ ಅದು ಕುಂದರನ್ ಆಯಿತು. ಅಣ್ಣನ ಕಿವಿಗೆ ಮಾತ್ರ ಎರಡರಲ್ಲೂ ಕರಾವಳಿಯ ಕುಂದರ್ ಎಂಬ ಮನೆತನದ ಹೆಸರೇ ಕೇಳಿಸುತ್ತದೆ.

ಬಾಲ್ಯ ಕಳೆದದ್ದು ಮುಂಬಯಿಯಲ್ಲಿ. ಕರಾವಳಿಯವರಿಗೆ ಕೊಲ್ಲಿ ದೇಶಗಳ ಬಾಗಿಲು ತೆರೆಯುವ ಮೊದಲು ಮುಂಬಯಿಯೇ ಅವರ ದುಬೈ, ಅವರ ಅಬುಧಾಬಿ. ತಂದೆಗೆ ಮಗನ ಕ್ರಿಕೆಟ್ ಇಷ್ಟವಿರಲಿಲ್ಲ. ಶಾಲೆಯ ಮೊದಲ ಪಂದ್ಯಕ್ಕೆ ಬಿಳಿಯ ಉಡುಪು ಇಲ್ಲದಿದ್ದಾಗ ತಾಯಿ ಗಂಡನ ಬಟ್ಟೆಯನ್ನೇ ಗುಟ್ಟಾಗಿ ಕತ್ತರಿಸಿ ಹೊಲಿದು ಕೊಟ್ಟಳು. ಹುಡುಗ ಆ ಪಂದ್ಯದಲ್ಲಿ 219 ರನ್ ಹೊಡೆದ. ಪತ್ರಿಕೆಯಲ್ಲಿ ಚಿತ್ರ ಬಂತು. ಗುಟ್ಟು ರಟ್ಟಾದ ಮೇಲೆ ಮನೆಯಲ್ಲಿ ಏನಾಯಿತೆಂಬುದನ್ನು ಕರಾವಳಿಯ ತಂದೆಯಂದಿರನ್ನು ಬಲ್ಲವರು ಊಹಿಸಿಕೊಳ್ಳಬಹುದು.

1959ರ ಡಿಸೆಂಬರಿನಲ್ಲಿ ಕಾನ್ಪುರದಲ್ಲಿ ಭಾರತ ಮೊದಲ ಬಾರಿಗೆ ಆಸ್ಟ್ರೇಲಿಯವನ್ನು ಸೋಲಿಸಿತು. ಗೆದ್ದ ತಂಡವನ್ನು ಮುಟ್ಟಬಾರದೆಂಬ ನಂಬಿಕೆ ಇಂದಿನಂತೆ ಅಂದೂ ಇತ್ತು. ಆದರೂ ಲಾಲಾ ಅಮರನಾಥರ ಆಯ್ಕೆ ಸಮಿತಿ ನರೇನ್ ತಮ್ಹಾನೆಯಂಥ ನುರಿತ ವಿಕೆಟ್ ಕೀಪರನನ್ನು ಬಿಟ್ಟು, ಇಪ್ಪತ್ತರ ಕುಂದರನ್‌ನನ್ನು ಮುಂಬಯಿ ಟೆಸ್ಟ್‌ಗೆ ಆರಿಸಿತು. ಅವನು ಅದುವರೆಗೆ ರಣಜಿ ಟ್ರೋಫಿಯ ಒಂದು ಪಂದ್ಯವನ್ನೂ ಆಡಿರಲಿಲ್ಲ. ಸ್ವಂತ ಗ್ಲೌಸ್ ಸಹ ಇರಲಿಲ್ಲ. ಅವನು ತೊಟ್ಟದ್ದು ತಮ್ಹಾನೆಯ ಗ್ಲೌಸನ್ನು. ತನ್ನ ಸ್ಥಾನಕ್ಕೆ ಬಂದವನ ಕೈಗೆ ತನ್ನದೇ ಗ್ಲೌಸ್ ಕೊಟ್ಟ ಆ ತಮ್ಹಾನೆಯ ಬಗೆಗೂ ಯಾರಾದರೂ ಬರೆಯಬೇಕು. ಟೆಸ್ಟಿನ ಹಿಂದಿನ ರಾತ್ರಿ ಮನೆಯ ಒಂದೇ ಕೋಣೆಯಲ್ಲಿ ಜಾಗ ಸಾಲದೆ ಹುಡುಗ ಹತ್ತಿರದ ಉದ್ಯಾನದಲ್ಲಿ ಮಲಗಿದ್ದನೆಂಬ ಕಥೆಯೂ ಕ್ರಿಕೆಟ್ ವಲಯದಲ್ಲಿ ಪ್ರಚಲಿತವಾಗಿದೆ. ಇದನ್ನು ನಾನು ಓದಿ ಹೇಳಿದಾಗ, ಒಂದೇ ಕೋಣೆಯಲ್ಲಿ ಎಂಟು ಜನ ಮಲಗಿ ಅಭ್ಯಾಸವಿರುವ ನಮ್ಮ ಗುಂಪಿನಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಮುಂದಿನ ಟೆಸ್ಟ್ ಮದ್ರಾಸಿನಲ್ಲಿ. ಆರಂಭಿಕನಾಗಿ ಹೋದ ಕುಂದರನ್ ಡೇವಿಡ್‌ಸನ್, ಮೆಕಿಫ್, ಬೆನೋ ಇವರೆಲ್ಲರ ಎದುರು 71 ರನ್ ಗಳಿಸಿದ. ತಂಡದ ಒಟ್ಟು ಮೊತ್ತ 149. ಆ ಸರಣಿಯಲ್ಲಿ ಮೂರು ಟೆಸ್ಟ್ ಆಡಿದ ನಂತರವೇ ಅವನು ರೈಲ್ವೇಸ್ ಪರವಾಗಿ ಮೊದಲ ರಣಜಿ ಪಂದ್ಯಕ್ಕಿಳಿದದ್ದು. ಜಮ್ಮು ಮತ್ತು ಕಾಶ್ಮೀರದ ವಿರುದ್ಧ ಅಂದು ಹೊಡೆದದ್ದು 205. ಮೇಲಿನ ತರಗತಿಯಲ್ಲಿ ಪಾಸಾಗಿ ಆಮೇಲೆ ಕೆಳಗಿನ ತರಗತಿಯ ಪರೀಕ್ಷೆ ಬರೆದಂತಿದೆ ಇದು.

ಇಲ್ಲಿ ಅಂದಿನ ವಿಕೆಟ್ ಕೀಪಿಂಗ್ ಬಗ್ಗೆ ಒಂದು ಮಾತು ಅಗತ್ಯ. ನಮ್ಮ ಗುಂಪಿನಲ್ಲೊಬ್ಬನಿಗೆ ಬೇಸ್‌ಬಾಲ್ ಹುಚ್ಚು. 2023ರ ನವೆಂಬರಿನಲ್ಲಿ ದುಬೈನ ಕ್ರಿಕೆಟ್ ಕ್ರೀಡಾಂಗಣದಲ್ಲೇ ಬೇಸ್‌ಬಾಲ್ ಪ್ರದರ್ಶನ ಪಂದ್ಯಗಳು ನಡೆದ ಮೇಲಂತೂ ಅವನನ್ನು ಹಿಡಿಯುವವರಿಲ್ಲ. ಅವನು ಹೇಳುವಂತೆ ಆ ಆಟದಲ್ಲಿ ಕ್ಯಾಚರನ ಕೈ ಚೆನ್ನಾಗಿದ್ದರೆ ಅವನ ಬ್ಯಾಟಿಂಗ್ ಕೊರತೆಯನ್ನು ಕ್ಷಮಿಸುತ್ತಾರೆ. 1960ರ ಕ್ರಿಕೆಟ್ಟಿನಲ್ಲೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ಕೀಪರ್ ಎಂದರೆ ಸ್ಟಂಪಿನ ಹಿಂದಿನ ಕಸುಬುದಾರ; ರನ್ ಬಂದರೆ ಲಾಭ, ಬಾರದಿದ್ದರೆ ಬೇಸರವಿಲ್ಲ. ಹೊಸ ಚೆಂಡಿನ ಎದುರು ಮೊದಲ ಓವರಿನಿಂದಲೇ ಬೀಸುವ ಕೀಪರನನ್ನು ಎಲ್ಲಿ ಕೂರಿಸಬೇಕೆಂಬುದು ಆಯ್ಕೆಗಾರರಿಗೆ ಒಗಟಾಗಿತ್ತು. ಆ ಒಗಟನ್ನು ಇನ್ನಷ್ಟು ಜಟಿಲಗೊಳಿಸಿದ ಸಂಗತಿಯೆಂದರೆ, ಅಂಥವರು ಆಗ ಒಬ್ಬರಲ್ಲ, ಇಬ್ಬರಿದ್ದರು.

ಎರಡನೆಯವನು ಫಾರೂಕ್ ಇಂಜಿನಿಯರ್. ಅವನೂ ಮುಂಬಯಿಯವನೇ, ಅವನೂ ಬೀಸುವವನೇ. 1961ರಲ್ಲಿ ಟೆಸ್ಟ್ ತಂಡಕ್ಕೆ ಬಂದವನು. ಕೇಶತೈಲ ಬ್ರಿಲ್‌ಕ್ರೀಮ್‌ನ ಜಾಹೀರಾತಿನಲ್ಲಿ ಮೆರೆದು ಆಟಗಾರನೂ ಹೌದು, ತಾರೆಯೂ ಹೌದು ಎನಿಸಿಕೊಂಡವನು. ಆಟಗಾರನಿಗೆ ಆಟದಷ್ಟೇ ಮುಖವೂ ಮುಖ್ಯವಾಗುವ ಕಾಲದ ಆರಂಭ ಅದು. ಇಬ್ಬರ ನಡುವೆ ಇದ್ದದ್ದು ಒಂದೇ ಸ್ಥಾನ.

1964ರ ಜನವರಿ 10ರಂದು ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧದ ಮೊದಲ ಟೆಸ್ಟ್ ಆರಂಭವಾದಾಗ ಇಂಜಿನಿಯರ್ ಅನಾರೋಗ್ಯದಿಂದ ಹೊರಗಿದ್ದ. ಹಾಗೆ ತೆರವಾದ ಜಾಗಕ್ಕೆ ಕುಂದರನ್ ಬಂದ. ಮೊದಲ ದಿನದ ಆಟ ಮುಗಿದಾಗ ಅವನ ಹೆಸರಿನ ಮುಂದೆ ಅಜೇಯ 170 ಇತ್ತು. ಮರುದಿನ 192ಕ್ಕೆ ಔಟಾದ.  ಇದೇ ಪಂದ್ಯದಲ್ಲಿ ಬಾಪು ನಾಡಕರ್ಣಿ ಸತತ 21 ಮೇಡನ್ ಓವರ್ ಎಸೆದು, 32 ಓವರುಗಳಲ್ಲಿ ಕೇವಲ 5 ರನ್ ಕೊಟ್ಟ. ರಸಪ್ರಶ್ನೆಗಳಲ್ಲಿ ಇಂದಿಗೂ ಕೇಳುವುದು ನಾಡಕರ್ಣಿಯ ಮೇಡನ್ನುಗಳನ್ನು. ರಂಜನೆಗೆಂದು ಟಿಕೆಟ್ ಕೊಂಡು ಬಂದ ಮದ್ರಾಸಿನ ಜನ ನೋಡಿ ದಣಿದದ್ದು ಆ ಮೇಡನ್ನುಗಳನ್ನಾದರೆ, ಎದ್ದು ಕುಣಿಯುವಂತೆ ಮಾಡಿದ್ದು ಕುಂದರನ್‌ನ ಬ್ಯಾಟು. ನೆನಪಿನ ಲೆಕ್ಕಾಚಾರ ವಿಚಿತ್ರ.

ಐದು ಟೆಸ್ಟುಗಳ ಆ ಸರಣಿ ಐದೂ ಡ್ರಾ ಆಗಿ ಮುಗಿಯಿತು. ಪಿಚ್‌ಗಳು ಸತ್ತಿದ್ದವು, ಇಂಗ್ಲೆಂಡಿನ ದಾಳಿ ಅತ್ಯುತ್ತಮವಾದುದಾಗಿರಲಿಲ್ಲ, ಇದನ್ನು ಒಪ್ಪಬೇಕು. ಆದರೆ ಅದೇ ಸತ್ತ ಪಿಚ್‌ನಲ್ಲಿ ಉಳಿದವರು ತೆವಳುತ್ತಿದ್ದರು. ದಿಲ್ಲಿಯಲ್ಲಿ ಇನ್ನೊಂದು ಶತಕ, ಕಾನ್ಪುರದಲ್ಲಿ 55, ಒಟ್ಟು 525 ರನ್. ಒಂದೇ ಸರಣಿಯಲ್ಲಿ ಐನೂರು ದಾಟಿದ ಭಾರತದ ವಿಕೆಟ್ ಕೀಪರ್ ಅದಕ್ಕೆ ಹಿಂದೆ ಯಾರೂ ಇರಲಿಲ್ಲ.

ಅದೇ ವರ್ಷ ಆಸ್ಟ್ರೇಲಿಯ ತಂಡ ಭಾರತಕ್ಕೆ ಬಂತು. ವಿಕೆಟ್ ಹಿಂದೆ ನಿಂತವನು ಇಂದ್ರಜಿತ್‌ಸಿಂಹಜಿ. 1965ರಲ್ಲಿ ನ್ಯೂಜಿಲೆಂಡ್ ಬಂದಾಗ ಇಂಜಿನಿಯರ್. ಸರಣಿಗೆ 525 ರನ್ ಹೊಡೆದವನು ಮುಂದಿನ ಸರಣಿಗೆ ಬೇಡವಾದ. ಇಂಜಿನಿಯರನ ಗುಣವನ್ನು ಯಾರೂ ಅಲ್ಲಗಳೆಯಲಾರರು. ಸ್ಟಂಪಿನ ಹಿಂದೆ ಅವನು ಮೇಲಾಗಿದ್ದನೆಂದೇ ನನ್ನ ತಿಳಿವಳಿಕೆ. ಆದರೆ ಇಬ್ಬರನ್ನೂ ಒಟ್ಟಿಗೆ ಆಡಿಸಬಹುದಿತ್ತೆಂಬ ಸರಳ ಸಂಗತಿ ಮೂರು ವರ್ಷ ಯಾರಿಗೂ ಹೊಳೆಯಲಿಲ್ಲ. 1966ರ ಡಿಸೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮುಂಬಯಿಯಲ್ಲಿ ಕುಂದರನ್‌ಗೆ ಮತ್ತೆ ಅವಕಾಶ ಸಿಕ್ಕಿತು, 79 ಹೊಡೆದ. ಆ ಸರಣಿಯ ಮದ್ರಾಸ್ ಟೆಸ್ಟಿಗೆ ಇಂಜಿನಿಯರ್ ಮರಳಿದ, ಮೊದಲ ದಿನ ಊಟದ ಹೊತ್ತಿಗೇ 94 ಗಳಿಸಿದ. ಅಲ್ಲಿಗೆ ಆ ಪ್ರಶ್ನೆ ತೀರ್ಮಾನವಾಯಿತು.

ಈ ನಡುವೆ ಕುಂದರನ್ ರಣಜಿಯಲ್ಲಿ ರೈಲ್ವೇಸ್ ಬಿಟ್ಟು ಮೈಸೂರು ತಂಡ ಸೇರಿದ್ದ. ಮೂಲ್ಕಿ 1956ರಲ್ಲೇ ಮೈಸೂರು ರಾಜ್ಯಕ್ಕೆ ಸೇರಿತ್ತು. ಊರು ಸೇರಿದ ಹತ್ತು ವರ್ಷಕ್ಕೆ ಮಗನೂ ಸೇರಿದಂತಾಯಿತು. 1967ರ ಇಂಗ್ಲೆಂಡ್ ಪ್ರವಾಸದಲ್ಲಿ ಅವನ ಜೊತೆ ಮೈಸೂರಿನವರೇ ಆದ ಪ್ರಸನ್ನ, ಚಂದ್ರಶೇಖರ್, ಸುಬ್ರಹ್ಮಣ್ಯ ಇದ್ದರು. ಲಾರ್ಡ್ಸ್‌ನಲ್ಲಿ ಇಂಜಿನಿಯರ್ ಕೀಪರ್. ಕುಂದರನ್ ಬರಿಯ ಬ್ಯಾಟ್ಸ್‌ಮನ್. ಎರಡನೆಯ ಇನ್ನಿಂಗ್ಸಿನಲ್ಲಿ ಭಾರತ 110ಕ್ಕೆ ಮುದುಡಿತು, ಅದರಲ್ಲಿ 47 ಅವನದು.

ಮುಂದಿನ ಬರ್ಮಿಂಗ್‌ಹ್ಯಾಮ್ ಟೆಸ್ಟ್ ನಮ್ಮ ಕೆಫೆಟೇರಿಯಾ ಸಭೆಯ ಅಚ್ಚುಮೆಚ್ಚಿನ ಅಧ್ಯಾಯ. ವೇಗದ ಬೌಲರುಗಳು ಗಾಯಗೊಂಡಿದ್ದರಿಂದ ನಾಯಕ ಪಟೌಡಿ ಬೇಡಿ, ಪ್ರಸನ್ನ, ಚಂದ್ರ, ವೆಂಕಟರಾಘವನ್ ನಾಲ್ವರನ್ನೂ ಒಟ್ಟಿಗೆ ಕಣಕ್ಕಿಳಿಸಿದ. ಆ ನಾಲ್ವರು ಒಂದೇ ಟೆಸ್ಟಿನಲ್ಲಿ ಆಡಿದ್ದು ಅದೊಂದೇ ಸಲ. ಹೊಸ ಚೆಂಡು ಯಾರಿಗೆ? ಒಂದು ತುದಿಯಿಂದ ಸುಬ್ರಹ್ಮಣ್ಯ, ಇನ್ನೊಂದು ತುದಿಯಿಂದ ಕುಂದರನ್! ಯಾವ ಬಗೆಯ ಬೌಲಿಂಗ್ ಮಾಡುತ್ತೀ ಎಂದು ಪಟೌಡಿ ವಿಚಾರಿಸಿದಾಗ ತನಗೂ ಅದು ತಿಳಿಯದೆಂದು ಅವನು ಪ್ರಾಮಾಣಿಕವಾಗಿ ಒಪ್ಪಿಕೊಂಡನೆಂಬುದು ಪ್ರಸಿದ್ಧ ಕಥೆ. ಎಸೆದದ್ದು ನಾಲ್ಕು ಓವರ್, ವಿಕೆಟ್ ಇಲ್ಲ. ಅದೇ ಪಂದ್ಯದಲ್ಲಿ ಭಾರತದ ಬ್ಯಾಟಿಂಗ್ ಆರಂಭಿಸಲು ಹೊರಟ ಜೋಡಿ ಇಂಜಿನಿಯರ್ ಮತ್ತು ಕುಂದರನ್. ಏಳು ವರ್ಷಗಳಲ್ಲಿ ಹದಿನೆಂಟು ಟೆಸ್ಟ್, 981 ರನ್, 23 ಕ್ಯಾಚ್, 7 ಸ್ಟಂಪಿಂಗ್. ಇದೇ ಅವನ ಕೊನೆಯ ಟೆಸ್ಟ್. ಇಂಜಿನಿಯರ್ ಆಡಿದ್ದು 46.

ಮೂವತ್ತರ ಹರೆಯದಲ್ಲಿ ಅವನು ದೇಶ ಬಿಟ್ಟ. 1970ರ ಹೊತ್ತಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೋ ಸಮೀಪದ ಡ್ರಂಪೆಲಿಯರ್ ಕ್ಲಬ್ಬಿನಲ್ಲಿ ಸಂಬಳದ ಆಟಗಾರನಾಗಿ ಸೇರಿ, ಅಲ್ಲಿಯೇ ನೆಲೆಸಿದ. ನಾಲ್ಕು ವರ್ಷಗಳ ನಂತರ, 1974ರಲ್ಲಿ, ಕರ್ನಾಟಕ ಮೊದಲ ಬಾರಿ ರಣಜಿ ಟ್ರೋಫಿ ಗೆದ್ದಾಗ ಅವನು ಆ ಸಂಭ್ರಮದಲ್ಲಿರಲಿಲ್ಲ. ನಲವತ್ತು ದಾಟಿದ ಮೇಲೆ, ಇಂಗ್ಲಿಷ್ ಕೌಂಟಿಗಳ ಬೆನ್ಸನ್ ಅಂಡ್ ಹೆಜಸ್ ಕಪ್‌ನಲ್ಲಿ ಸ್ಕಾಟ್ಲೆಂಡ್ ತಂಡದ ಪರವಾಗಿಯೇ ಆಡಿದ. ಇಂಜಿನಿಯರ್ ಕೂಡ ಲ್ಯಾಂಕಷೈರ್ ಸೇರಿ ಇಂಗ್ಲೆಂಡಿನಲ್ಲೇ ಉಳಿದ. ಒಂದು ಜೋಡಿ ಗ್ಲೌಸಿಗಾಗಿ ಪೈಪೋಟಿ ನಡೆಸಿದ ಇಬ್ಬರೂ ಕೊನೆಗೆ ಅನಿವಾಸಿಗಳೇ ಆದರು.

2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ ಕ್ಯಾನ್ಸರಿನಿಂದ ಕುಂದರನ್ ತೀರಿಕೊಂಡ. ಅವನಿಗೆ 66 ವರ್ಷ. ಆತನ 192 ಅಷ್ಟರಲ್ಲಿ 42 ವರ್ಷಗಳಿಂದ ಭಾರತೀಯ ವಿಕೆಟ್ ಕೀಪರನ ಅತ್ಯಧಿಕ ಮೊತ್ತವಾಗಿ ಉಳಿದಿತ್ತು. ಅದನ್ನು ದಾಟಿದ್ದು ಧೋನಿಯ 224, 2013ರ ಫೆಬ್ರವರಿಯಲ್ಲಿ; ಅದೂ ಅದೇ ಮದ್ರಾಸ್ ನಗರದಲ್ಲಿ, ಬೇರೆ ಮೈದಾನದಲ್ಲಿ.

ಧೋನಿಯ ಮೇಲೆ 2016ರಲ್ಲಿ ಸಿನಿಮಾ ಬಂತು, ಕುಂದರನ್‌ನ ಮೇಲೆ ಏಕಿಲ್ಲ ಎಂಬ ಚರ್ಚೆ ನಮ್ಮಲ್ಲಿ ಹಲವು ಸಂಜೆ ನಡೆಯಿತು. ತಾಯಿ ಬಟ್ಟೆ ಕತ್ತರಿಸುವ ದೃಶ್ಯವೊಂದೇ ಸಾಕು, ಥಿಯೇಟರು ಅಳುತ್ತದೆ ಎಂದು ಒಬ್ಬ. ಗೆಲುವಿನಲ್ಲಿ ಮುಗಿಯದ ಕಥೆಗೆ ಹಣ ಹಾಕುವವರಾರು ಎಂದು ಇನ್ನೊಬ್ಬ. ನಾಯಕನ ಪಾತ್ರಕ್ಕೆ ಶಂಕರನಾಗ್ ಇರಬೇಕಿತ್ತೆಂಬುದರಲ್ಲಿ ಮಾತ್ರ ಒಮ್ಮತವಿತ್ತು.

ಅಣ್ಣ 2021ರಲ್ಲಿ ಊರಿಗೆ ಮರಳಿದರು. ಅರುವತ್ತು ದಾಟಿತ್ತು, ವೀಸಾ ನವೀಕರಣವಾಗಲಿಲ್ಲ. ಅವರ ಜಾಗಕ್ಕೆ ಬಂದ ಹುಡುಗನಿಗೆ ಲೇತಿನ ಮರ್ಜಿಯನ್ನೆಲ್ಲ ಎರಡು ವಾರ ಹೇಳಿಕೊಟ್ಟು, ತಮ್ಮ ಸ್ವಂತ ವರ್ನಿಯರ್ ಕ್ಯಾಲಿಪರನ್ನೂ ಅವನಿಗೇ ಬಿಟ್ಟು ಹೋದರು. ಕಳೆದ ಮಳೆಗಾಲದಲ್ಲಿ ಫೋನ್ ಮಾಡಿದ್ದರು. ಮೂಲ್ಕಿಯಲ್ಲಿ ಆಡುತ್ತಿದ್ದ ಹುಡುಗರನ್ನು ಕೇಳಿದರಂತೆ: ರಾಹುಲ್ ಎಲ್ಲರಿಗೂ ಗೊತ್ತು, ಕುಂದರನ್ ಒಬ್ಬರಿಗೂ ಗೊತ್ತಿಲ್ಲ. ಅವರಿಗೆ ಓದಿ ಹೇಳಲು ಏನಾದರೂ ಬರೆದು ಕಳುಹಿಸೆಂದರು. ಜೊತೆಗೆ, ಆ ಬಿರಿಯಾನಿ ಇನ್ನೂ ಬಾಕಿಯಿದೆ ಎಂಬುದನ್ನೂ ನೆನಪಿಸಿದರು.